ಅರ್ಜಿಯಲ್ಲಿ ನಿನ್ನ ಹೆಸರಿರಲಿ, ಅವನದು ಬೇಡ

ಪ್ರೀತಿಯ ಪುಟ್ಟಿಗೆ,

ನಿನ್ನ ಉದ್ದದ ಮೆಸೇಜ್ ಓದಿದೆ. ಕಾಲೇಜಿನಲ್ಲಿ ಎಲ್‌ಜಿಬಿಟಿ (ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್) ವಿದ್ಯಾರ್ಥಿಗಳ ಜೊತೆ ನಿಲ್ಲುವ ಒಂದು ಗುಂಪು ಕಟ್ಟಬೇಕು, ಮುಂದಿನ ವಾರ ಪ್ರಿನ್ಸಿಪಾಲರನ್ನು ನೋಡಬೇಕು ಅಂತ ಬರೆದಿದ್ದೀಯ. ತುಂಬಾ ಖುಷಿಯಾಯಿತು. ನಿಮ್ಮಪ್ಪ ನನಗೆ ಫೋನ್ ಮಾಡಿ, "ಓದೋದು ಬಿಟ್ಟು ಇದೆಲ್ಲ ಯಾಕೆ ಅಂತ ಸ್ವಲ್ಪ ಬುದ್ಧಿ ಹೇಳು" ಅಂದ. ಬುದ್ಧಿ ಹೇಳುತ್ತೇನೆ, ಆದರೆ ಅವನು ಕೇಳಿದ್ದು ಬೇರೆ, ನಾನು ಹೇಳಬೇಕೆಂದಿರುವುದು ಬೇರೆ.

ಮೊದಲು ಒಂದು ಮಾತು. ನಿನ್ನ ಸ್ನೇಹಿತ ತಾನು ಗೇ ಅಂತ ನಿನ್ನ ಹತ್ತಿರ ಹೇಳಿಕೊಂಡ ಅಂತ ಬರೆದೆ, ಆದರೆ ಅವನ ಹೆಸರು ಎಲ್ಲೂ ಬರೆದಿಲ್ಲ. ಅದು ನನಗೆ ಬಹಳ ಇಷ್ಟವಾಯಿತು. ನನಗೂ ಹೇಳಬೇಡ, ನಾನು ಕೇಳುವುದೂ ಇಲ್ಲ. ನೀನು ಮುಂದೆ ಏನೇ ಮಾಡಿದರೂ ಇದೊಂದು ತಪ್ಪಬಾರದು.

ಯಾಕೆ ಹೇಳುತ್ತೇನೆ ಅಂದರೆ, ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ಒಬ್ಬ ಹುಡುಗನಿದ್ದ, ಓದಿನಲ್ಲಿ ಚುರುಕು, ಅಕೌಂಟೆನ್ಸಿಯಲ್ಲಿ ಯಾವಾಗಲೂ ಮುಂದೆ. ರೂಮಿನಲ್ಲಿದ್ದ ಇನ್ನೊಬ್ಬ ಹುಡುಗ ಅವನ ಫೋನಿನಲ್ಲಿದ್ದ ಮೆಸೇಜುಗಳನ್ನು ನೋಡಿ, ಅವನ ಒಳ್ಳೆಯದಕ್ಕೇ ಅಂದುಕೊಂಡು ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿಬಿಟ್ಟ. ಮಾರನೇ ದಿನ ಅಪ್ಪ, ಚಿಕ್ಕಪ್ಪ ಇಬ್ಬರೂ ಜೀಪಿನಲ್ಲಿ ಬಂದು ಹಾಸಿಗೆ ಸಮೇತ ಕರೆದುಕೊಂಡು ಹೋದರು. ಪರೀಕ್ಷೆಗೆ ಅವನು ಬರಲಿಲ್ಲ. ಅವನ ಹಾಲ್ ಟಿಕೆಟ್ ಕಚೇರಿಯ ಕಟ್ಟಿನಲ್ಲೇ ಉಳಿಯಿತು, ಸಹಿ ಹಾಕುವ ಜಾಗ ಖಾಲಿ. ಆಮೇಲೆ ಕೇಳಿದರೆ, ಮದುವೆ ಮಾಡಿದರಂತೆ. ಆ ಹುಡುಗಿಯ ಗತಿ ಏನಾಯಿತೋ ಯಾರೂ ಕೇಳಲಿಲ್ಲ, ಅಲ್ವಾ? ಅವನು ಗೇ ಅಂತ ಗೊತ್ತಾಗಿದ್ದರಿಂದಲ್ಲ ಇಷ್ಟೆಲ್ಲ ಆಗಿದ್ದು. ಅವನು ಹೇಳುವ ಮೊದಲು ಬೇರೆಯವರು ಹೇಳಿದ್ದರಿಂದ ಆಗಿದ್ದು.

ಓದಿದವರ ಜಾಗದಲ್ಲೇ ಇದಕ್ಕಿಂತ ಘೋರವಾದದ್ದೂ ಆಗಿದೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರಾಧ್ಯಾಪಕ ರಾಮಚಂದ್ರ ಸಿರಾಸ್ ಅವರ ಮನೆಗೆ 2010ರ ಫೆಬ್ರವರಿಯಲ್ಲಿ, ಅವರು ಇನ್ನೊಬ್ಬ ಗಂಡಸಿನ ಜೊತೆ ಇದ್ದಾಗ, ಕ್ಯಾಮೆರಾ ಹಿಡಿದು ನುಗ್ಗಿದರು. ನುಗ್ಗಿದವರನ್ನು ಬಿಟ್ಟು ವಿಶ್ವವಿದ್ಯಾಲಯ ಅಮಾನತು ಮಾಡಿದ್ದು ಪ್ರಾಧ್ಯಾಪಕರನ್ನು! ಏಪ್ರಿಲ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. ಆದರೆ ಕೆಲವೇ ದಿನಗಳಲ್ಲಿ ಅವರು ತಮ್ಮ ಮನೆಯಲ್ಲಿ ಸತ್ತು ಬಿದ್ದಿದ್ದರು. ಕೋರ್ಟು ಗೆಲ್ಲಿಸಿತು, ಕ್ಯಾಂಪಸ್ಸು ಉಳಿಸಲಿಲ್ಲ. ನೀನು ಕಟ್ಟುವ ಗುಂಪು ಈ ಎರಡನೆಯದಕ್ಕೆ ಬೇಕಾಗಿರುವುದು.

ಹಾಗಾದರೆ ಏನು ಮಾಡಬೇಕು? ಒಂದೇ ಮಾತಿನಲ್ಲಿ ಹೇಳುವುದಾದರೆ, ಹೆಸರು ಖರ್ಚು ಮಾಡುವ ಕೆಲಸ ನಿನ್ನದು. ನೀನು ಅರ್ಜಿಗೆ ಸಹಿ ಹಾಕಿದರೆ ಪ್ರಿನ್ಸಿಪಾಲರು ಮುಖ ಸಿಂಡರಿಸಬಹುದು, ನಿಮ್ಮಪ್ಪ ಎರಡು ದಿನ ಮಾತು ಬಿಡಬಹುದು, ಕ್ಲಾಸಿನಲ್ಲಿ ಯಾರೋ "ನೀನೂ ಅಂಥವಳೇನಾ?" ಅಂತ ಕೇಳಬಹುದು. ಅಷ್ಟೇ. ಅದೇ ಸಹಿ ನಿನ್ನ ಸ್ನೇಹಿತ ಹಾಕಿದರೆ ಅವನ ಫೀಸು ನಿಲ್ಲಬಹುದು, ಮನೆಯೇ ಹೋಗಬಹುದು. "ನೀನೂ ಅಂಥವಳೇನಾ" ಅಂತ ಕೇಳಿದಾಗ "ಅಯ್ಯೋ ಇಲ್ಲಪ್ಪ" ಅಂತ ಗಾಬರಿಯಿಂದ ಹೇಳಬೇಡ. ಹಾಗೆ ಹೇಳುವುದನ್ನು ಪಕ್ಕದಲ್ಲಿ ಕೂತವರು ಯಾರೋ ಕೇಳಿಸಿಕೊಳ್ಳುತ್ತಿರುತ್ತಾರೆ, "ಇವಳಿಗೂ ಇದು ಅವಮಾನವೇ" ಅಂತ ಅವರಿಗೆ ಅನಿಸುತ್ತದೆ. "ಆಗಿದ್ದರೆ ಏನೀಗ?" ಅಂತ ಕೇಳು, ಸಾಕು.

ಇದರಿಂದಲೇ ಕೆಲವು ಸಣ್ಣ ಸಣ್ಣ ವಿಷಯ ನಿರ್ಧಾರವಾಗುತ್ತವೆ. ಸದಸ್ಯರ ಪಟ್ಟಿ ಇಡಬೇಡ. ವಾಟ್ಸಾಪ್ ಗುಂಪು ಮಾಡಬೇಕೆಂದಿದ್ದೀಯಲ್ಲ, ಅದರಲ್ಲಿ ಸೇರಿದವರ ನಂಬರೆಲ್ಲ ಎಲ್ಲರಿಗೂ ಕಾಣುತ್ತದೆ, ಯಾರೋ ಒಬ್ಬ ಸ್ಕ್ರೀನ್‌ಶಾಟ್ ತೆಗೆದರೆ ಮುಗಿಯಿತು. ಸಹಿ ಹಾಕುವ ನಿಮ್ಮ ನಾಲ್ಕೈದು ಜನರ ನಂಬರ್ ಮಾತ್ರ ಪೋಸ್ಟರಿನಲ್ಲಿ ಹಾಕಿ. ಸಭೆಗೆ ಬಂದವರು ಯಾರು, ಏನು ಅಂತ ಕೇಳಬೇಡಿ. ಕೂತು ಕೇಳಿ ಎದ್ದು ಹೋಗಲಿ. ಫೋಟೋ ಬೇಡ, ಕಾಲೇಜಿನವರು ವರದಿಗೆ ಬೇಕು ಅಂದರೂ ಬೇಡ, ಬ್ಯಾನರಿನದ್ದು ಕೊಡಿ. ತಾವಾಗಿ ಮುಂದೆ ಬರುವವರನ್ನು ತಡೆಯಬೇಕು ಅಂತ ನಾನು ಹೇಳುತ್ತಿಲ್ಲ. 2018ರಲ್ಲಿ ಬೇರೆ ಬೇರೆ ಐಐಟಿಗಳಲ್ಲಿ ಓದಿದ, ಓದುತ್ತಿದ್ದ 20 ಜನ ತಮ್ಮ ಹೆಸರಲ್ಲೇ ಸುಪ್ರೀಂ ಕೋರ್ಟಿಗೆ ಹೋದರು, ಅದೇ ವರ್ಷ ಸೆಪ್ಟೆಂಬರ್ 6ಕ್ಕೆ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಕಾಟ ಮುಗಿಯಿತು. ಆದರೆ ಅದು ಅವರೇ ಯೋಚನೆ ಮಾಡಿ ಇಟ್ಟ ಹೆಜ್ಜೆ.

ಪ್ರಿನ್ಸಿಪಾಲರ ವಿಷಯಕ್ಕೆ ಬರೋಣ. ಕಾಲೇಜು ಕಚೇರಿಯಲ್ಲಿ ಕಾಗದ ಹೇಗೆ ಓಡುತ್ತದೆ, ಎಲ್ಲಿ ಮಲಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅವರು ಮೊದಲು ಹೇಳುವುದು "ನಮ್ಮಲ್ಲಿ ಅಂಥವರು ಯಾರೂ ಇಲ್ಲಮ್ಮ" ಅಂತ. ಆಮೇಲೆ "ಇದ್ದರೆ ಯಾರು ಹೇಳು, ನಾನೇ ಕರೆಸಿ ಮಾತಾಡ್ತೀನಿ" ಅಂತ. ಒಳ್ಳೆ ಮನಸ್ಸಿನಿಂದಲೇ ಹೇಳಬಹುದು, ಆದರೂ ಬಾಯಿ ಬಿಡಬೇಡ. ರ‍್ಯಾಗಿಂಗ್ ತಡೆ ಸಮಿತಿ ಮಾಡುವಾಗ ಯಾರಿಗೆ ರ‍್ಯಾಗಿಂಗ್ ಆಗಿದೆ ಅಂತ ಪಟ್ಟಿ ಕೇಳಿರಲಿಲ್ಲ ಅಲ್ವಾ ಸರ್, ಅಂತ ಮೆತ್ತಗೆ ಕೇಳು.

ಮಾತಿಗಿಂತ ಕಾಗದ ಜಾಸ್ತಿ ಕೆಲಸ ಮಾಡುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಬಂತು. ಜಾತಿ, ಧರ್ಮ, ಬಣ್ಣದ ಜೊತೆಗೆ, ಟ್ರಾನ್ಸ್‌ಜೆಂಡರ್ ಅಂತಲೋ ಲೈಂಗಿಕ ಒಲವಿನ ಕಾರಣಕ್ಕೋ ಹಿಂಸೆ ಕೊಡುವುದೂ ರ‍್ಯಾಗಿಂಗೇ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಬಲಿಯಾದವರೇ ದೂರು ಕೊಡಬೇಕಾಗಿಲ್ಲ, ನೋಡಿದವರೂ ಕೊಡಬಹುದು, ಹೇಳಿದವರ ಗುರುತು ಕಾಪಾಡಬೇಕು ಅಂತಲೂ ನಿಯಮದಲ್ಲೇ ಇದೆ. ನಿನ್ನಂಥವರಿಗೆ ಹೇಳಿ ಮಾಡಿಸಿದ ಹಾಗಿದೆ ಈ ಸಾಲು. ಯುಜಿಸಿಯ 2015ರ ಲೈಂಗಿಕ ಕಿರುಕುಳದ ನಿಯಮ ಹುಡುಗರನ್ನೂ, ತೃತೀಯ ಲಿಂಗಿ ವಿದ್ಯಾರ್ಥಿಗಳನ್ನೂ ಮರೆತಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ ಶಿಕ್ಷಣ ಸಂಸ್ಥೆಯಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಈ ಮೂರರ ಸಂಬಂಧಪಟ್ಟ ಪುಟ ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸು. ಸೀಲು ಹಾಕಿಸಿ ಸ್ವೀಕೃತಿ ಪ್ರತಿ ತಗೋ, ಅದನ್ನು ಮಾತ್ರ ಮರೆಯಬೇಡ.

"ಇದು ಅವರವರ ಖಾಸಗಿ ವಿಷಯ, ಕಾಲೇಜಿಗೆ ಯಾಕೆ?" ಅಂತ ಯಾರಾದರೂ ಕೇಳಿದರೆ ಪುಟ್ಟಸ್ವಾಮಿ ಅವರ ಹೆಸರು ಹೇಳು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ವಯಸ್ಸು ಎಂಬತ್ತು ದಾಟಿದ ಮೇಲೆ ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದವರು. ಅವರ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು, ಲೈಂಗಿಕ ಒಲವೂ ಅದರೊಳಗೇ ಬರುತ್ತದೆ ಅಂತ ತೀರ್ಪಿನಲ್ಲೇ ಬರೆಯಲಾಯಿತು. ಖಾಸಗಿ ಅಂದರೆ ಬಚ್ಚಿಟ್ಟುಕೊಂಡು ಸಾಯಿ ಅಂತಲ್ಲ, ಬೇರೆಯವರು ಕೈ ಹಾಕಬೇಡಿ ಅಂತ.

ದೊಡ್ಡದೆಲ್ಲ ಒಟ್ಟಿಗೆ ಕೇಳಬೇಡ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ, ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿ ಹೆಣ್ಣು ಗಂಡು ಅಂತ ಭೇದವಿಲ್ಲದ ಹಾಸ್ಟೆಲ್ ಜಾಗ ಮಾಡಿದ್ದಾರೆ, ಅಲ್ಲಿ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೂತು ಮಾತಾಡಿದ್ದಾರೆ. ನೀವು ಚಿಲಕ ಸರಿ ಇರುವ, ಯಾರು ಬೇಕಾದರೂ ಬಳಸಬಹುದಾದ ಒಂದು ಟಾಯ್ಲೆಟ್ಟಿನಿಂದ ಶುರು ಮಾಡಿ. ಹಾಸ್ಟೆಲ್ಲಿನಲ್ಲಿ ಹಿಂಸೆಯಾದರೆ ಕಾರಣ ಬರೆದುಕೊಡದೆ ರೂಮ್ ಬದಲಾಯಿಸಲು ಅವಕಾಶ ಕೇಳಿ. ಹಾಜರಾತಿಯಲ್ಲಿ ತಾನು ಹೇಳಿದ ಹೆಸರಿನಿಂದ ಕರೆಯಿರಿ ಅಂತ ಟ್ರಾನ್ಸ್ ವಿದ್ಯಾರ್ಥಿ ಕೇಳಿದರೆ ಕರೆಯಬೇಕು, ಅದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ಹಾಜರಾತಿ ಅಂದ ಕೂಡಲೇ ನೆನಪಾಯಿತು. ಮೇಷ್ಟ್ರು ರೋಲ್ ನಂಬರ್ ಕೂಗುತ್ತಾ ಎಂಟು ಆದ ಮೇಲೆ "ಒಂಬತ್ತು" ಅಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು, ಗೇ, ಟ್ರಾನ್ಸ್ ಜನರನ್ನು ಹೀಯಾಳಿಸುವ ಮಾತಲ್ಲವೇ ಅದು. ಎಷ್ಟೋ ಕ್ಲಾಸುಗಳಲ್ಲಿ ಇದು ದಿನಾ ನಡೆಯುತ್ತದೆ. ಆ ನಂಬರಿನ ಹುಡುಗ ತಲೆ ತಗ್ಗಿಸಿ "ಎಸ್ ಸರ್" ಅನ್ನುತ್ತಾನೆ, ಮೇಷ್ಟ್ರು ಹತ್ತಕ್ಕೆ ಹೋಗುತ್ತಾರೆ. ನಾನು ಪೆನ್ನು ಕೆಳಗಿಟ್ಟು, ನಕ್ಕವನನ್ನು ಎಬ್ಬಿಸಿ "ಏನು ತಮಾಷೆ, ನನಗೂ ಅರ್ಥ ಮಾಡಿಸು" ಅಂತ ಕೇಳುತ್ತಿದ್ದೆ. ಅವನಿಗೆ ವಿವರಿಸಲು ಆಗುತ್ತಿರಲಿಲ್ಲ. ನೀನೂ ಕ್ಲಾಸಿನಲ್ಲಿ, ಕ್ಯಾಂಟೀನಿನಲ್ಲಿ ಇದನ್ನೇ ಕೇಳು. ಭಾಷಣ ಬೇಡ, ಜಗಳ ಬೇಡ. ಆ ಹುಡುಗ ಗೇ ಆಗಿರಲಿ ಇಲ್ಲದಿರಲಿ, ಅದೇ ಕ್ಲಾಸಿನಲ್ಲಿ ಸುಮ್ನೆ ಕೂತಿರುವ ಇನ್ಯಾರಿಗೋ ಅದು ಬೇಕಾಗಿರುತ್ತದೆ.

ಕೌನ್ಸೆಲರ್ ಬಗ್ಗೆ ಒಂದು ಎಚ್ಚರಿಕೆ. ಯಾರನ್ನಾದರೂ ಅವರ ಹತ್ತಿರ ಕಳಿಸುವ ಮೊದಲು ನೀನೇ ಹೋಗಿ ಮಾತಾಡು. "ಸರಿ ಮಾಡ್ತೀವಿ, ಬಿಡಿಸ್ತೀವಿ" ಅನ್ನುವವರಾದರೆ ಅತ್ತ ಕಳಿಸಲೇಬೇಡ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಹೀಗೆ "ಬದಲಾಯಿಸುವ" ಚಿಕಿತ್ಸೆ ಕೊಡುವುದು ವೈದ್ಯರಿಗೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಅದಕ್ಕೆ ದಾರಿ ಮಾಡಿದ್ದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ 2021ರ ಆದೇಶ. ಇಬ್ಬರು ಹುಡುಗಿಯರ ಕೇಸು ಮುಂದೆ ಬಂದಾಗ, ಈ ವಿಷಯ ತನಗೆ ಸರಿಯಾಗಿ ಗೊತ್ತಿಲ್ಲ ಅಂತ ಅವರು ಬಹಿರಂಗವಾಗಿ ಹೇಳಿ, ಮನಶ್ಶಾಸ್ತ್ರಜ್ಞೆಯೊಬ್ಬರ ಹತ್ತಿರ ಕೂತು ಕಲಿತು, ಆಮೇಲೆ ಆದೇಶ ಬರೆದರು. ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವರು ಹೀಗೆ ಮಾಡಿದರು ಅಂತ ನಿಮ್ಮ ಪ್ರಿನ್ಸಿಪಾಲರಿಗೂ ಹೇಳು. ಅವರಿಗೂ ದಾರಿ ಸುಲಭವಾಗುತ್ತದೆ.

ಇನ್ನೊಂದು, ಪೋಸ್ಟರ್ ಇಂಗ್ಲಿಷಿನಲ್ಲಿ ಮಾತ್ರ ಹಾಕಬೇಡಿ. ಬೆಂಗಳೂರಿನಲ್ಲಿ ನೋಡಿದ್ದೇನೆ, ಇಂಥ ಗುಂಪುಗಳಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುವವರದ್ದೇ ಮಾತು. ಹಿರಿಯೂರಿನಿಂದಲೋ ಸಿಂಧನೂರಿನಿಂದಲೋ ಬಂದು ಬಿಸಿಎಂ ಹಾಸ್ಟೆಲ್ಲಿನಲ್ಲಿರುವ ಹುಡುಗ ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತಾನೆ. ಅವನಿಗೆ ಒಂಟಿತನ ಎಲ್ಲರಿಗಿಂತ ಜಾಸ್ತಿ. ಇದು ಪರದೇಶದ್ದು ಅಂತ ಯಾರಾದರೂ ಅಂದರೆ, ಮಂಜಮ್ಮ ಜೋಗತಿ ಅವರನ್ನು ನೆನಪಿಸು. ಬಳ್ಳಾರಿ ಕಡೆಯ ಟ್ರಾನ್ಸ್ ಮಹಿಳೆ, ಮನೆಯಿಂದ ದೂರವಾಗಿ ಭಿಕ್ಷೆ ಬೇಡಿ ಬದುಕಿದವರು, ಜೋಗತಿ ನೃತ್ಯ ಕಲಿತು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರಿ ಕೆಲಸದಲ್ಲಿ ತೃತೀಯ ಲಿಂಗಿಗಳಿಗೆ ಶೇ. 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಅದರಲ್ಲಿ ಎಷ್ಟೋ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಡಿಗ್ರಿ ಬೇಕು, ಡಿಗ್ರಿ ಸಿಗಬೇಕಾದರೆ ಕಾಲೇಜಿನಲ್ಲಿ ಉಳಿಯಬೇಕು. ಇಂಥ ವಿದ್ಯಾರ್ಥಿಗಳು ನಡುವೆ ಓದು ಬಿಡದ ಹಾಗೆ ನೋಡಿಕೊಳ್ಳುವುದು ನಿಮ್ಮ ಗುಂಪಿನ ದೊಡ್ಡ ಕೆಲಸ, ಮೆರವಣಿಗೆ ಆಮೇಲೆ.

ಯಾರಾದರೂ ಸಾಯುವ ಮಾತಾಡಿದರೆ ಗುಟ್ಟು ಕಾಯುತ್ತೇನೆ ಅಂತ ಒಬ್ಬಳೇ ಹೊತ್ತುಕೊಂಡು ಕೂರಬೇಡ. ಆ ಹೊತ್ತಿನಲ್ಲಿ ಜೀವ ಮೊದಲು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅವರನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲೇ ಇರು. ಆಗಲೂ ಗೇ ಅನ್ನುವ ವಿಷಯ ಊರಿಗೆಲ್ಲ ಹೇಳಬೇಕಾಗಿಲ್ಲ, ಜೀವಕ್ಕೆ ಅಪಾಯವಿದೆ ಅಂತಷ್ಟೇ ಹೇಳಿದರೆ ಸಾಕು.

ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಅವನು ಕೆಟ್ಟವನಲ್ಲ, ಹೆದರಿಕೆ ಅವನಿಗೆ, ಮಗಳ ಹೆಸರು ಎಲ್ಲಿ ಕೆಡುತ್ತದೋ ಅಂತ. ಆಮೇಲೆ, ನಿನ್ನ ಸ್ನೇಹಿತನಿಗಾಗಲಿ ಬೇರೆ ಯಾರಿಗಾಗಲಿ ಮನೆಯಲ್ಲಿ ಇರಲಾಗದ ಪರಿಸ್ಥಿತಿ ಬಂದರೆ ನಮ್ಮ ಮಹಡಿ ಮೇಲಿನ ರೂಮ್ ಖಾಲಿ ಇದೆ. ಯಾಕೆ, ಏನು ಅಂತ ನಾನು ಕೇಳುವುದಿಲ್ಲ. ಬಸ್ ಹತ್ತಿಸಿ ಒಂದು ಮೆಸೇಜ್ ಹಾಕು, ನಿಮ್ಮ ಮಾವ ಸ್ಟ್ಯಾಂಡಿಗೆ ಬರುತ್ತಾರೆ.

ಅರ್ಜಿಯ ಕರಡು ಭಾನುವಾರದೊಳಗೆ ಕಳಿಸು. ಪ್ರಿನ್ಸಿಪಾಲರಿಗೆ ಬರೆಯುವ ಭಾಷೆ ನಾನು ತಿದ್ದಿಕೊಡುತ್ತೇನೆ. ಸಹಿ ಹಾಕುವವರಲ್ಲಿ ಇಬ್ಬರಾದರೂ ಹುಡುಗರಿರಲಿ, ಒಬ್ಬ ಲೆಕ್ಚರರ್ ಸಿಕ್ಕರೆ ಇನ್ನೂ ಒಳ್ಳೆಯದು.

ನಿನ್ನ ಅತ್ತೆ