ಜಂಬದವಳೆಂದು ಕರೆಸಿಕೊಂಡ ಮಗಳಿಗೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಹೊಸ ಕಚೇರಿಯಲ್ಲಿ ನಿನ್ನನ್ನು ಜಂಬದವಳೆಂದು ಆಡಿಕೊಳ್ಳುತ್ತಾರೆಂಬ ಸುದ್ದಿ ಮೂರನೆಯವರ ಬಾಯಿಂದ ಕಿವಿಗೆ ಬಿದ್ದಂದಿನಿಂದ ನೀನು ಎಷ್ಟು ಕುಗ್ಗಿದ್ದೀಯೆಂಬುದು ನಿನ್ನ ಪತ್ರದ ಒಂದೊಂದು ಸಾಲಿನಲ್ಲೂ ತಿಳಿಯುತ್ತದೆ. ‘ನಾಲ್ಕು ಜನರ ಎದುರು ಬಾಯಿ ತೆರೆಯಲು ಅಳುಕುವ ನಾನು ಜಂಬದವಳು ಹೇಗಾದೇನು ಅಪ್ಪ?’ ಎಂದು ಕೇಳಿದ್ದೀಯೆ. ಸಮಾಧಾನದ ಎರಡು ಮಾತನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಿನ್ನ ಪ್ರಶ್ನೆ ಬೇಡುವುದು ಸಮಾಧಾನವನ್ನಲ್ಲ, ಉತ್ತರವನ್ನು ಎನಿಸಿ ಬರೆಯಲು ಕುಳಿತೆ.

ಅವರ ಕಣ್ಣಿಗೆ ಬಿದ್ದದ್ದೇನು ಎಂಬುದನ್ನು ಮೊದಲು ನೋಡೋಣ. ಬೆಳಿಗ್ಗೆ ಒಳಗೆ ಬರುವಾಗ, ಯಾರನ್ನಾದರೂ ಮಾತನಾಡಿಸಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕಿನಿಂದ ನೀನು ತಲೆ ತಗ್ಗಿಸಿಕೊಂಡು ನೇರವಾಗಿ ನಿನ್ನ ಜಾಗಕ್ಕೆ ಹೋಗುತ್ತೀಯೆ. ಯಾರಾದರೂ ಏನಾದರೂ ಕೇಳಿದರೆ, ಮಾತು ಬೆಳೆದರೆ ತೊದಲಿಬಿಡುತ್ತೇನೆಂಬ ಭಯಕ್ಕೆ ಒಂದೇ ಪದದಲ್ಲಿ ಉತ್ತರಿಸುತ್ತೀಯೆ. ಎಲ್ಲರೂ ನಗುವಾಗ ತಾನೂ ನಗಬೇಕೋ ಬೇಡವೋ ಎಂದು ನೀನು ಅಳೆದು ಸುರಿಯುವಷ್ಟರಲ್ಲಿ ಅವರ ನಗು ಮುಗಿದಿರುತ್ತದೆ. ಇವೆಲ್ಲ ನೀನೇ ಬರೆದ ವಿವರಗಳು. ಈಗ ಇದರಿಂದ ಅಳುಕು, ಭಯ, ಲೆಕ್ಕಾಚಾರಗಳನ್ನು ಹೊರಗಿಟ್ಟು ಉಳಿದದ್ದನ್ನಷ್ಟೇ ಓದು: ಯಾರ ಮುಖವನ್ನೂ ನೋಡದೆ ಹೋದಳು, ಕೇಳಿದ್ದಕ್ಕೆ ಒಂದೇ ಪದ ಹೇಳಿದಳು, ನಮ್ಮೊಂದಿಗೆ ನಗಲಿಲ್ಲ. ಅವರಿಗೆ ದಕ್ಕಿದ್ದು ಇಷ್ಟೇ. ಕಾರಣ ಗೊತ್ತಿಲ್ಲದಿದ್ದಾಗ ಆ ಜಾಗವನ್ನು ಖಾಲಿ ಬಿಡುವುದು ಮನುಷ್ಯರ ಜಾಯಮಾನವಲ್ಲ. ತೋಚಿದ ಕಾರಣವೊಂದನ್ನು ತುಂಬಿಯೇ ತೀರುತ್ತಾರೆ. ಸಂಕೋಚಕ್ಕೂ ಜಂಬಕ್ಕೂ ಹೊರಗಿನ ನಡವಳಿಕೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅವರು ತುಂಬಿದ ಕಾರಣ ತಪ್ಪಾಯಿತು, ಆದರೆ ಕಂಡದ್ದು ತಪ್ಪಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳದಿದ್ದರೆ ನಿನಗೆ ಅವರ ಮೇಲೆ ಬರೀ ಸಿಟ್ಟು ಉಳಿಯುತ್ತದೆ.

ಎದೆ ಅಷ್ಟೊಂದು ಹೊಡೆದುಕೊಳ್ಳುವಾಗ ಅದು ಮುಖದಲ್ಲಿ ಕಾಣದೆ ಇರುತ್ತದೆಯೇ ಎಂದು ನೀನು ವಾದಿಸಬಹುದು. ನಾವು ಎಣಿಸುವಷ್ಟು ಕಾಣುವುದಿಲ್ಲ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬಾಕೆ ತನ್ನ ಸಂಶೋಧನಾ ಪ್ರಬಂಧಕ್ಕಾಗಿ ಸರಳವಾದ ಪ್ರಯೋಗವೊಂದನ್ನು ನಡೆಸಿದಳು. ಒಬ್ಬರು ಎಲ್ಲರಿಗೂ ಪರಿಚಿತವಾದ ಹಾಡಿನ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ತಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡೆಂದು ಹೇಳಬೇಕು. ಕೇಳುವವರು ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆಂದು ತಟ್ಟುವವರು ನಂಬಿದ್ದರು. ತಟ್ಟಿದ 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3ಕ್ಕೆ ಮಾತ್ರ. ತಟ್ಟುವವರ ತಲೆಯೊಳಗೆ ರಾಗ, ಸಾಹಿತ್ಯ, ವಾದ್ಯಗಳ ಸಮೇತ ಹಾಡು ಪೂರ್ತಿಯಾಗಿ ಮೊಳಗುತ್ತಿದ್ದಾಗ ಎದುರಿಗಿದ್ದವರಿಗೆ ಕೇಳಿಸುತ್ತಿದ್ದದ್ದು ಬರೀ ಟಕ್ ಟಕ್ ಸದ್ದು. ಭಾವನೆಗಳ ವಿಷಯದಲ್ಲೂ ಹೀಗೆಯೇ ಎಂದು 1998ರಲ್ಲಿ ಮನೋವಿಜ್ಞಾನಿ ಥಾಮಸ್ ಗಿಲೋವಿಚ್ ಮತ್ತು ಅವರ ಸಂಗಡಿಗರು ತೋರಿಸಿದರು. ಕೆಟ್ಟ ರುಚಿಯ ಪಾನೀಯವನ್ನು ಕುಡಿದು ಅದನ್ನು ಮುಖದಲ್ಲಿ ತೋರಗೊಡದೆ ಕುಳಿತವರು, ತಮ್ಮ ಅಸಹ್ಯ ನೋಡುವವರಿಗೆ ಗೊತ್ತಾಗಿಯೇ ಹೋಯಿತೆಂದುಕೊಂಡರು. ನೋಡುವವರಿಗೆ ಅವರೆಣಿಸಿದಷ್ಟು ಗೊತ್ತಾಗಿರಲಿಲ್ಲ. ನಿನ್ನ ಅಳುಕನ್ನು ಕಂಡೂ ಅವರು ಕರುಣೆಯಿಲ್ಲದೆ ಮಾತನಾಡಿದರೆಂದು ನೀನು ತಿಳಿದಿದ್ದರೆ, ಆ ಭಾವನೆಯನ್ನು ಬಿಡು. ಅವರು ಅದನ್ನು ಕಂಡಿರಲಾರರು.

ಇದೇ ಗಿಲೋವಿಚ್ ತಂಡದ ಇನ್ನೊಂದು ಪ್ರಯೋಗ, 2000ದಲ್ಲಿ ಪ್ರಕಟವಾದದ್ದು, ನಿನ್ನ ಇನ್ನೊಂದು ಸಂಕಟಕ್ಕೆ ಉತ್ತರವಾಗುತ್ತದೆ. ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಚಿತ್ರವಿದ್ದ, ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳುಹಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿ ಅದನ್ನು ಗಮನಿಸಿರುತ್ತಾರೆಂದು ತೊಟ್ಟವರು ಅಂದಾಜು ಮಾಡಿದರು. ಗಮನಿಸಿದ್ದವರು ಸುಮಾರು ಕಾಲು ಭಾಗ. ಸಭೆಯಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಹೇಳಿದ್ದಕ್ಕೆ ನೀನು ಅಷ್ಟು ದಿನ ಕೊರಗಿದೆಯಲ್ಲ, ಅಲ್ಲಿದ್ದವರಲ್ಲಿ ಹೆಚ್ಚಿನವರು ಆ ಹೊತ್ತಿನಲ್ಲಿ ತಾವು ಮುಂದೆ ಏನು ಹೇಳಬೇಕೆಂಬ ಚಿಂತೆಯಲ್ಲಿದ್ದಿರಬೇಕು.

ಇಲ್ಲಿಗೇ ನಿಲ್ಲಿಸಿದರೆ ನಿನಗೆ ಹಿತವಾಗುತ್ತದೆ. ‘ಯಾರು ಏನಂದರೂ ತಲೆ ಕೆಡಿಸಿಕೊಳ್ಳಬೇಡ, ನೀನು ಏನೆಂದು ನಿನಗೆ ಗೊತ್ತಲ್ಲ’ ಎಂಬ ಬುದ್ಧಿಮಾತು ಈಗ ಎಲ್ಲ ಕಡೆಯೂ ಧಾರಾಳವಾಗಿ ಸಿಗುತ್ತದೆ. ನನಗೆ ಅದು ಅರ್ಧ ಸುಳ್ಳೆಂದೇ ತೋರುತ್ತದೆ, ಏಕೆಂದರೆ ನಾವು ಏನೆಂಬುದು ನಮಗೆ ಪೂರ್ತಿ ಗೊತ್ತಿರುವುದಿಲ್ಲ. ಧ್ವನಿಮುದ್ರಣದಲ್ಲಿ ತನ್ನ ಸ್ವರವನ್ನು ತಾನೇ ಕೇಳಿ ‘ಇದು ನನ್ನದಲ್ಲ’ ಎಂದು ಮುಖ ಸಿಂಡರಿಸದವರು ಅಪರೂಪ. ಮಾತನಾಡುವಾಗ ನಮ್ಮ ಸ್ವರ ನಮಗೆ ಗಾಳಿಯ ಮೂಲಕವಷ್ಟೇ ಅಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ತಲುಪುತ್ತದೆ. ಆ ದಾರಿಯಲ್ಲಿ ಮಂದ್ರದ ಕಂಪನಗಳು ಚೆನ್ನಾಗಿ ಸಾಗುವುದರಿಂದ ನಮಗೆ ನಮ್ಮ ದನಿ ಇರುವುದಕ್ಕಿಂತ ತುಂಬಿಕೊಂಡಂತೆ ಕೇಳಿಸುತ್ತದೆ. ಲೋಕವೆಲ್ಲ ದಿನವೂ ಕೇಳುತ್ತಿರುವ ತೆಳು ದನಿ ಒಡತಿಗೊಬ್ಬಳಿಗೇ ಅಪರಿಚಿತ. ಮುಖದ ಕಥೆಯೂ ಅದೇ. 1977ರ ಅಧ್ಯಯನವೊಂದರಲ್ಲಿ ಮಹಿಳೆಯರು ತಮ್ಮ ಭಾವಚಿತ್ರದ ಎರಡು ಪ್ರತಿಗಳ ಪೈಕಿ ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿದ್ದನ್ನು ಹೆಚ್ಚಾಗಿ ಮೆಚ್ಚಿದರು. ಅವರ ಆಪ್ತರು ಮೆಚ್ಚಿದ್ದು ತಿರುಗಿಸದ ಪ್ರತಿಯನ್ನು.

ಹಾಗಾದರೆ ಯಾರ ಮಾತು ನಿಜ? ಸಿಮಿನ್ ವಜೀರ್ ಎಂಬ ಮನೋವಿಜ್ಞಾನಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಒಡೆದು ನೋಡಿತು, ಆ ಕ್ರಮ ನನಗೆ ಬಹಳ ಹಿಡಿಸಿತು. ಆತಂಕ, ತನ್ನ ಬಗೆಗಿನ ಅಪನಂಬಿಕೆ ಮೊದಲಾದ ಒಳಗಿನ ಸಂಗತಿಗಳನ್ನು ನಾವೇ ಹೆಚ್ಚು ಸರಿಯಾಗಿ ಬಲ್ಲೆವು. ಬುದ್ಧಿವಂತಿಕೆ, ಸೃಜನಶೀಲತೆಯಂಥ, ಒಳ್ಳೆಯದು ಕೆಟ್ಟದ್ದೆಂದು ತೂಗಿ ನೋಡುವ ಗುಣಗಳಲ್ಲಿ ನಮ್ಮ ಅಭಿಮಾನ ಅಡ್ಡ ಬರುವುದರಿಂದ ಗೆಳೆಯರ ಅಂದಾಜು ನಮ್ಮದಕ್ಕಿಂತ ಹೆಚ್ಚು ಸರಿಯಿರುತ್ತದೆ. ಮಾತುಗಾರಿಕೆಯಂಥ, ಎದ್ದು ಕಾಣುವ ಗುಣಗಳಲ್ಲಿ ಇಬ್ಬರೂ ಸರಿಸುಮಾರು ಸಮ. ಹಾಗಾಗಿ ನೀನು ಅಳುಕಿನವಳು ಎಂಬ ನಿನ್ನ ಮಾತನ್ನು ನಾನು ಪ್ರಶ್ನಿಸದೆ ಒಪ್ಪುತ್ತೇನೆ. ನಿನ್ನ ಸಹವಾಸ ಇನ್ನೊಬ್ಬರಿಗೆ ಹೇಗಿರುತ್ತದೆಂಬ ವಿಷಯದಲ್ಲಿ ಮಾತ್ರ ನಿನ್ನೊಬ್ಬಳ ಸಾಕ್ಷಿ ಸಾಲದು.

ಈ ಸಾಕ್ಷಿ ಸಾಲದು ಎಂಬುದು ನಿನ್ನ ಪರವಾಗಿಯೂ ತಿರುಗುತ್ತದೆಂಬುದನ್ನು ಮರೆಯಬೇಡ. ಆಗಷ್ಟೇ ಪರಿಚಯವಾಗಿ ಮಾತನಾಡಿ ಎದ್ದವರನ್ನು ಬೇರೆಬೇರೆಯಾಗಿ ವಿಚಾರಿಸಿದ ಅಧ್ಯಯನವೊಂದು 2018ರಲ್ಲಿ ಬಂದಿತು; ಜನರು ತಾವು ಎದುರಿನವರಿಗೆ ಎಷ್ಟು ಇಷ್ಟವಾದೆವೆಂದು ಎಣಿಸುತ್ತಾರೋ ಅದಕ್ಕಿಂತ ಹೆಚ್ಚಾಗಿಯೇ ಇಷ್ಟವಾಗಿರುತ್ತಾರೆಂದು ಅದರಲ್ಲಿ ಕಂಡುಬಂತು. ಜೊತೆಯಲ್ಲಿ ವಾಸಿಸುವ ವಿದ್ಯಾರ್ಥಿಗಳ ನಡುವೆ ಈ ಅಂತರ ತಿಂಗಳುಗಟ್ಟಲೆ ಉಳಿದಿತ್ತಂತೆ.

ಇನ್ನು ನಿನ್ನ ಕಚೇರಿಯ ವಿಷಯ. ‘ನಾನು ಜಂಬದವಳೇ?’ ಎಂದು ಯಾರನ್ನೂ ಕೇಳಲು ಹೋಗಬೇಡ. ಅಂಥ ಪ್ರಶ್ನೆಗೆ ದಾಕ್ಷಿಣ್ಯದ ಉತ್ತರವಲ್ಲದೆ ಬೇರೇನೂ ಸಿಗುವುದಿಲ್ಲ. ನಿನ್ನ ಕೆಲಸವನ್ನು ಹತ್ತಿರದಿಂದ ಬಲ್ಲ, ನಿನ್ನಿಂದ ಏನೂ ಆಗಬೇಕಾಗಿಲ್ಲದ ಒಬ್ಬರನ್ನು ಆರಿಸಿಕೊಂಡು, ‘ನಿನ್ನೆಯ ಸಭೆಯಲ್ಲಿ ನಾನು ಅವರಿಗೆ ಉತ್ತರಿಸಿದ ರೀತಿ ಹೇಗಿತ್ತು?’ ಎಂದು ಒಂದೇ ಘಟನೆಯನ್ನು ಹಿಡಿದು ಕೇಳು. ಸ್ವಭಾವದ ಬಗ್ಗೆ ಕೇಳಿದರೆ ಜನ ತೀರ್ಪು ಕೊಡುತ್ತಾರೆ, ಘಟನೆಯ ಬಗ್ಗೆ ಕೇಳಿದರೆ ಕಂಡದ್ದನ್ನು ಹೇಳುತ್ತಾರೆ. ನಿನಗೆ ಬೇಕಾದದ್ದು ಎರಡನೆಯದು. ಮೂರು ಬಾಯಿ ದಾಟಿ ಬಂದ ಮಾತಿಗೆ ಅಷ್ಟು ತೂಕ ಕೊಡುವ ಅಗತ್ಯವಿಲ್ಲ, ಆದರೆ ಅದೇ ಮಾತು ಒಬ್ಬರನ್ನೊಬ್ಬರು ಅರಿಯದ ಇಬ್ಬರಿಂದ ಬಂದರೆ ಕಿವಿಗೊಡು. ಸ್ವಭಾವವನ್ನೇ ಬದಲಿಸಿಕೊಂಡು ವಾಚಾಳಿಯಾಗೆಂದೂ ನಾನು ಹೇಳುತ್ತಿಲ್ಲ. ‘ಹೊಸಬರ ಮುಂದೆ ನನಗೆ ಬೇಗ ಮಾತು ಹೊರಡುವುದಿಲ್ಲ’ ಎಂದು ಒಮ್ಮೆ ಬಾಯಿ ಬಿಟ್ಟು ಹೇಳಿದರೆ, ಅವರು ತಾವಾಗಿ ತುಂಬಿಕೊಂಡ ಕಾರಣದ ಜಾಗದಲ್ಲಿ ನಿಜವಾದ ಕಾರಣ ಕೂರುತ್ತದೆ.

ಪತ್ರದ ಕೊನೆಯಲ್ಲಿ ‘ನಿಮಗೆ ನಾನು ಹೇಗೆ ಕಾಣುತ್ತೇನೆ?’ ಎಂದು ಕೇಳಿದ್ದೀಯೆ. ಹೆತ್ತವರ ಕಣ್ಣಿಗೆ ಮಮತೆಯ ಪೊರೆ ಇರುತ್ತದೆಂಬುದನ್ನು ಗಮನದಲ್ಲಿಟ್ಟುಕೊಂಡೇ ಓದು. ಬೇರೆಯವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಸದ್ದಿಲ್ಲದೆ ಮುಗಿಸಿಡುತ್ತೀಯೆ, ಅದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುತ್ತೀಯೆ, ಆಮೇಲೆ ಯಾರಿಗೂ ಗೊತ್ತಾಗಲಿಲ್ಲವೆಂದು ಒಳಗೊಳಗೇ ನೊಂದುಕೊಳ್ಳುತ್ತೀಯೆ. ಎದುರಿನವರು ಮಾತು ಮುಗಿಸುವ ಮೊದಲೇ ಅವರೇನು ಹೇಳಲಿದ್ದಾರೆಂದು ನಿನಗೆ ಹೊಳೆದುಬಿಡುತ್ತದೆ, ಹೊಳೆದದ್ದು ನಿನ್ನ ಮುಖದಲ್ಲಿ ಬೇಸರದಂತೆ ಕಾಣುತ್ತದೆ. ಇದು ನಿನಗೆ ಗೊತ್ತಿದೆಯೆಂದು ನನಗನಿಸುವುದಿಲ್ಲ. ಕ್ಷಮೆ ಕೇಳುವುದರಲ್ಲಿ ನಿನ್ನಷ್ಟು ಬೇಗ ಮುಂದಾಗುವವರನ್ನು ನಾನು ಕಂಡಿಲ್ಲ. ನಿನ್ನ ಅಮ್ಮ ಇದನ್ನು ಓದಿ, ಮುಖದ ಮಾತು ನಿಜ, ಕ್ಷಮೆಯ ಮಾತು ಮಾತ್ರ ಅಪ್ಪನೊಬ್ಬನ ಅನುಭವವಿರಬೇಕು ಎಂದಳು. ಅವಳಿಗೆ ಕಂಡದ್ದನ್ನು ಅವಳೇ ಬೇರೆ ಬರೆಯುತ್ತಾಳಂತೆ.

ಇಂತಿ,
ನಿನ್ನ ಅಪ್ಪ