ವಾಚ್ ಹಿಡಿದು ನಿಂತವರಿಗೆ

ಭಾನುವಾರ ಸಂಜೆ ಮಗಳು ತನ್ನ ಕೊನೆಯ ಏಜ್ ಗ್ರೂಪ್ ರೇಸ್ ಈಜಿದಳು. 8 ವರ್ಷದ ಓಡಾಟ ಮುಗಿಯಿತು. ಕೋಚ್‌ಗಳಿಗೆ ಕೈ ಮುಗಿದದ್ದಾಯಿತು, ಫೋಟೋ ತೆಗೆಸಿಕೊಂಡದ್ದಾಯಿತು. ಆದರೆ ಟೈಮ್ ನೋಡಲು, ತೀರ್ಪು ಕೊಡಲು ಬಿಳಿ ಬಟ್ಟೆ ತೊಟ್ಟು ದಿನವಿಡೀ ಕೊಳದ ಅಂಚಿನಲ್ಲಿ ನಿಲ್ಲುತ್ತಿದ್ದ ಅಪ್ಪ ಅಮ್ಮಂದಿರಿಗೆ ನಾನು ಇವತ್ತಿಗೂ ನೆಟ್ಟಗೆ ಥ್ಯಾಂಕ್ಸ್ ಹೇಳಿಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮಗಳಿಗೆ 10 ವರ್ಷವಿದ್ದಾಗ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಗ್ಯಾಲರಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಆಮೇಲೆ ಗೋಡೆಗೆ ಅಂಟಿಸಿದ ಹಾಳೆ ನೋಡಿದರೆ, ಅವಳ ಹೆಸರಿನ ಮುಂದೆ ಟೈಮಿನ ಬದಲು 'ಡಿಕ್ಯೂ', ಅಂದರೆ ಅನರ್ಹ. ಟರ್ನ್‌ನಲ್ಲಿ, ಅಂದರೆ ಗೋಡೆ ಮುಟ್ಟಿ ತಿರುಗುವಾಗ, ಬಲಗೈ ಮೊದಲು ಮುಟ್ಟಿತ್ತಂತೆ, ಎಡಗೈ ಆಮೇಲೆ. ಎರಡೂ ಒಟ್ಟಿಗೆ ಮುಟ್ಟಬೇಕು. ತಪ್ಪು ಕಂಡು ಕೈ ಎತ್ತಿದ ಟರ್ನ್ ಜಡ್ಜ್ ನಮ್ಮ ಕ್ಲಬ್ಬಿನದೇ ಇನ್ನೊಂದು ಹುಡುಗಿಯ ತಾಯಿ. ನೇರ ಅವರ ಹತ್ತಿರ ಹೋಗಿ, "ನಿಮ್ಮ ಮಗಳಾಗಿದ್ದರೆ ಕೈ ಎತ್ತುತ್ತಿದ್ದಿರಾ?" ಅಂದುಬಿಟ್ಟೆ. ಅವರು ಮಾತು ಬೆಳೆಸಲಿಲ್ಲ. "ಕೋಚ್ ಹತ್ರ ಹೇಳಿ, ರೆಫರಿಗೆ ಪ್ರೊಟೆಸ್ಟ್ ಕೊಡಬಹುದು" ಅಂದವರೇ ಮುಂದಿನ ಹೀಟ್‌ಗೆ, ಅಂದರೆ ಮುಂದಿನ ಗುಂಪಿನ ಈಜಿಗೆ, ತಮ್ಮ ಜಾಗಕ್ಕೆ ಹೋಗಿ ನಿಂತರು.

ಮುಂದಿನ ಮೀಟ್‌ಗೆ ಅವರೇ ಬಂದು ಕೇಳಿದರು: "ಟೈಂಕೀಪರ್ಸ್ ಸಾಲ್ತಿಲ್ಲ, ಒಂದು ವಾಚ್ ಹಿಡೀತೀರಾ?" ನಾಚಿಕೆಗೆ ಹೂಂ ಅಂದೆ.

8 ಲೇನ್, ಲೇನಿಗೆ 3 ವಾಚ್. ಬರೀ ಟೈಮ್ ನೋಡುವುದಕ್ಕೇ 24 ಜನ ಬೇಕು ಅನ್ನುವುದು ಗೊತ್ತಾದದ್ದೇ ಅವತ್ತು. ಸ್ಟಾರ್ಟರ್ ಸದ್ದಿಗೆ ಒತ್ತಬೇಡಿ, ಲೈಟ್ ಮಿಂಚಿದಾಗ ಒತ್ತಿ, ಸದ್ದು ನಮ್ಮ ತನಕ ಬರುವಷ್ಟರಲ್ಲಿ ಸೆಕೆಂಡಿನ ಕೆಲವು ನೂರನೇ ಭಾಗ ಹೋಗಿಬಿಟ್ಟಿರುತ್ತದೆ ಎಂದು ಪಕ್ಕದವರು ಹೇಳಿಕೊಟ್ಟರು. ಮಗು ಹತ್ತಿರ ಬಂದಾಗ ಅಂಚಿನಿಂದ ಬಗ್ಗಿ ಗೋಡೆಯನ್ನೇ ದಿಟ್ಟಿಸಬೇಕು. ಮುಖಕ್ಕೆ ನೀರು ಹಾರಿದರೂ ಕಣ್ಣು ಮುಚ್ಚುವ ಹಾಗಿಲ್ಲ. ಎರಡು ವಾಚ್ ಒಂದೇ ತೋರಿಸಿದರೆ ಅದೇ ಲೆಕ್ಕ. ಮೂರೂ ಬೇರೆಯಾದರೆ, 41.32, 41.38, 41.51 ಅಂದುಕೊಳ್ಳಿ, ನಡುವಿನದು. ಆ ದಿನ ಪೂರ್ತಿ 41.51 ನಾನೇ! ಒಂದು ಹೀಟ್‌ನಲ್ಲಂತೂ ನನ್ನ ವಾಚ್ ಶುರುವಾಗಲೇ ಇಲ್ಲ. ಗಾಬರಿಯಲ್ಲಿ ಕೈ ಎತ್ತಿದೆ. ಚೀಫ್ ಟೈಂಕೀಪರ್ ಬಂದು, ಇಂಥದ್ದಕ್ಕೆಂದೇ ಓಡಿಸುತ್ತಿದ್ದ ತಮ್ಮ ವಾಚನ್ನು ನನ್ನ ಕೈಗಿಟ್ಟು ನನ್ನದನ್ನು ಇಸಿದುಕೊಂಡು ಹೋದರು. ಬೈಗುಳವೂ ಇಲ್ಲ, ಬುದ್ಧಿಮಾತೂ ಇಲ್ಲ.

ಮೂರು ವರ್ಷದ ನಂತರ ಟರ್ನ್ ಜಡ್ಜ್ ಆದೆ. ಆ ಹೊತ್ತಿಗೆ ಜಗಳವಾಡಿದ್ದವರೇ ನನಗೆ ಗುರು. "ಸಂಶಯ ಇದ್ರೆ ಅದು ಮಗುವಿನ ಪಾಲಿಗೆ. ಆದರೆ ಕಂಡಿದ್ದು ಕಂಡಿದ್ದೇ" ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಬಟರ್‌ಫ್ಲೈನಲ್ಲಿ ಪುಟ್ಟ ಹುಡುಗನೊಬ್ಬ ಒಂದೇ ಕೈಯಲ್ಲಿ ಮುಟ್ಟಿ ತಿರುಗಿದ. ನಿಚ್ಚಳವಾಗಿ ಕಂಡಿತು. ನನ್ನ ಕೈ ಕಲ್ಲಿನಷ್ಟು ಭಾರ. ಎತ್ತಿದೆ. ಗ್ಯಾಲರಿಯಿಂದ ಅವನಪ್ಪ ನನ್ನತ್ತ ಬೀರಿದ ನೋಟ ನನಗೆ ಹೊಸದೇನಲ್ಲ, ನಾನೂ ಒಮ್ಮೆ ಹಾಗೇ ನೋಡಿದ್ದೆನಲ್ಲ. ಮಧ್ಯಾಹ್ನ ನನ್ನ ಆ ಗುರುವಿನ ಹತ್ತಿರ ಹೋಗಿ ಹಳೆಯ ಜಗಳಕ್ಕೆ ಕ್ಷಮೆ ಕೇಳಿದೆ. ಅವರಿಗೆ ಆ ಘಟನೆ ನೆನಪೇ ಇರಲಿಲ್ಲ. ಎಷ್ಟು ಜನರ ಹತ್ತಿರ ಬೈಸಿಕೊಂಡಿದ್ದರೋ ಪಾಪ.

ಹೀಟ್ ಕರೆಯುವ ಹೊತ್ತಿಗೇ ಟಾಯ್ಲೆಟ್ಟಿಗೆ ಓಡುವ ಮಕ್ಕಳನ್ನು ಹುಡುಕಿ ತಂದು ಸಾಲಿಗೆ ನಿಲ್ಲಿಸಿದ ಮಾರ್ಷಲ್‌ಗಳಿಗೆ, 1500 ಮೀಟರ್‌ನಲ್ಲಿ ಲೆಕ್ಕ ತಪ್ಪದೆ, ಇನ್ನೆಷ್ಟು ಸುತ್ತು ಉಳಿದಿದೆ ಎಂದು ತೋರಿಸುವ ಲ್ಯಾಪ್ ಕಾರ್ಡ್ ತಿರುವಿ ಕೊನೆಗೆ ಗಂಟೆ ಬಾರಿಸಿದವರಿಗೆ, 3ನೇ ಲೇನಿನಲ್ಲಿ ವಾಚ್ ಹಿಡಿದ ತಪ್ಪಿಗೆ 6ನೇ ಲೇನಿನ ತಮ್ಮ ಮಗುವಿನ ಗೆಲುವನ್ನು ಕಾಣದೇ ಹೋದ ಎಲ್ಲರಿಗೂ ಥ್ಯಾಂಕ್ಸ್. ಆ ತಾಯಿಗೆ ಮಾತ್ರ ಇಷ್ಟು ಸಾಲದು. ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ.

ಭಾನುವಾರ ಮಗಳ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ಗೆ ಮುಂಚೆ ಅವರು ನನ್ನ ಕೈಯಿಂದ ವಾಚ್ ಕಿತ್ತುಕೊಂಡು, "ಇವತ್ತಾದರೂ ಮೇಲೆ ಹೋಗಿ ಕೂತು ನೋಡಿ" ಅಂದರು. ಹೋದೆ. ಕೂಗಲು ಬಾಯೇ ಬರಲಿಲ್ಲ, ಅಭ್ಯಾಸಬಲ, ಕಣ್ಣೆಲ್ಲ ಗೋಡೆಯ ಮೇಲೆ. ಐದನೆಯವಳಾಗಿ ಬಂದಳು. ಮೂರು ಟರ್ನ್, ಒಂದು ಫಿನಿಶ್. ನಾಲ್ಕು ಸಲವೂ ಎರಡು ಕೈ ಒಟ್ಟಿಗೆ.