ಅದು ಕಟ್ಟಿಗೆ ಅಲ್ಲ ಸ್ವಾಮಿ, ವಾದ್ಯ

ಕಸ್ಟಮ್ಸ್ ಇಲಾಖೆಯ ಹೊಣೆ ಹೊತ್ತ ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ತಾಳವಾದ್ಯ ನುಡಿಸುವವನು. ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಮರಿಂಬಾ, ಲೋಹದ ಪಟ್ಟಿಗಳ ವೈಬ್ರಾಫೋನ್, ಸ್ನೇರ್ ಡ್ರಮ್, ಜೊತೆಗೆ ಸಣ್ಣಪುಟ್ಟ ಕೈವಾದ್ಯಗಳು. ಜಿನೀವಾ, ಮ್ಯೂನಿಕ್, ಐಂಡ್‌ಹೋವನ್‌ಗಳಲ್ಲಿ ನಡೆಯುವಂಥ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಹೋಗುವುದು ನಮಗೆ ಶೋಕಿ ಅಲ್ಲ, ಹೊಟ್ಟೆಪಾಡಿನ ದಾರಿ. ಮ್ಯೂನಿಕ್, ಜಿನೀವಾಗಳಲ್ಲಿ ತಾಳವಾದ್ಯದ ಸರದಿ ಪ್ರತಿ ವರ್ಷ ಬರುವುದಿಲ್ಲ. ವಯಸ್ಸಿನ ಮಿತಿ ಬೇರೆ. ಒಮ್ಮೆ ತಪ್ಪಿದರೆ ಮತ್ತೆ ಸರದಿ ಬರುವ ಹೊತ್ತಿಗೆ ವಯಸ್ಸೇ ದಾಟಿರಬಹುದು.

ಐದು ಸಪ್ತಕದ ಮರಿಂಬಾವನ್ನು ಯಾರೂ ಹೊತ್ತು ತಿರುಗುವುದಿಲ್ಲ, ಸಾಮಾನ್ಯವಾಗಿ ಸಂಘಟಕರೇ ಕೊಡುತ್ತಾರೆ. ನಾವು ಒಯ್ಯುವುದು ಮ್ಯಾಲೆಟ್ ಅನ್ನುವ ಬಡಿಯುವ ಕೋಲು, ಬೆರಳಲ್ಲಿ ಹಿಡಿದು ಚಟಪಟಿಸುವ ಕ್ಯಾಸ್ಟನೆಟ್ಸ್, ಕ್ಲೇವ್ಸ್ ಥರದ ಕೈಗೆ ಒಗ್ಗಿದ ಸಾಮಾನು. ಅಷ್ಟಕ್ಕೇ ನಿಮ್ಮ ಕೌಂಟರ್‌ನಲ್ಲಿ ಪ್ರತಿ ಸಲ ರಂಪ. ಸಹಿಸಿಕೊಂಡೇ ಬಂದಿದ್ದೆ. ಆದರೆ ಕಳೆದ ಸಲ ಆಗಿದ್ದು ಅತಿಯಾಯಿತು.

ಕ್ಲೇವ್ಸ್ ಅಂದರೆ ಗೇಣುದ್ದದ ಎರಡು ದುಂಡು ಕೋಲು. ಒಂದನ್ನು ಬೆರಳ ತುದಿಗಳ ಮೇಲೆ ಸಡಿಲವಾಗಿ ಕೂರಿಸಿ, ಕೆಳಗೆ ಅಂಗೈಯನ್ನು ಬಟ್ಟಲು ಮಾಡಿ, ಇನ್ನೊಂದರಿಂದ ಹೊಡೆಯಬೇಕು. ಗಟ್ಟಿ ಹಿಡಿದರೆ ನಾದ ಸತ್ತುಹೋಗುತ್ತದೆ. ನನ್ನವು ರೋಸ್‌ವುಡ್, ಅಂದರೆ ಬೀಟೆ ಜಾತಿಯ ಮರದವು. ನಿಮ್ಮ ಅಧಿಕಾರಿ ಒಂದನ್ನು ಎತ್ತಿ ಮೂಸಿದರು. ಆಮೇಲೆ ಮರ ಯಾವುದೆಂದು ನೋಡಲು ಬ್ಲೇಡಿನಿಂದ ಕೆರೆದರು. ಅದೂ ಎಲ್ಲಿ? ಸರಿಯಾಗಿ ಪೆಟ್ಟು ಬೀಳುವ ಜಾಗದಲ್ಲಿ! ಕಂದು ಪುಡಿ ಮೇಜಿನ ಮೇಲೆ ಉದುರಿತು.

"ಇದು ಸಂರಕ್ಷಿತ ಮರ, ಪರ್ಮಿಟ್ ಎಲ್ಲಿ?"

"ಇದು ವಾದ್ಯ ಸರ್" ಅಂದೆ.

"ವಾದ್ಯ ಅಂದ್ರೆ ತಂತಿ ಇರ್ಬೇಕು, ಇಲ್ಲಾ ಚರ್ಮ ಇರ್ಬೇಕು. ಇದು ಬರೀ ಕಟ್ಟಿಗೆ."

ಇಂಥ ಸಂಗೀತ ಪಂಡಿತರು ನಿಮ್ಮ ಇಲಾಖೆಯಲ್ಲಿರುವುದು ನನಗೆ ಗೊತ್ತಿರಲಿಲ್ಲ. ನುಡಿಸಿ ತೋರಿಸು ಅಂದರು. ನುಡಿಸಿದೆ. ಸಾಲಿನಲ್ಲಿದ್ದವರು ಫೋನ್ ಎತ್ತಿ ವಿಡಿಯೊ ಮಾಡಿಕೊಂಡರು. ಕೊನೆಗೆ ರಸೀದಿಯನ್ನೂ ಕೊಡದೆ ಎರಡನ್ನೂ ಇಟ್ಟುಕೊಂಡರು. ಸ್ಪರ್ಧೆಯಲ್ಲಿ ನಾನು ನುಡಿಸಿದ್ದು ಇನ್ನೊಬ್ಬ ಸ್ಪರ್ಧಿಯಿಂದ ಬೇಡಿ ತಂದ ಕ್ಲೇವ್ಸ್. ನನ್ನನ್ನು ಸೋಲಿಸಲು ಬಂದವರೇ ನಿಮ್ಮ ಇಲಾಖೆಗಿಂತ ವಾಸಿ!

ನಿಯಮ ನಿಮಗೆ ಗೊತ್ತೇ ಇದೆ. ಅಳಿವಿನಂಚಿನ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 2017ರ ಜನವರಿಯಲ್ಲಿ ರೋಸ್‌ವುಡ್ ಜಾತಿಗಳೆಲ್ಲ ನಿಯಂತ್ರಣಕ್ಕೆ ಬಂದವು. ಸಂಗೀತಗಾರರು, ವಾದ್ಯ ಮಾಡುವವರು ಬಾಯಿ ಬಡಿದುಕೊಂಡ ಮೇಲೆ, ತಯಾರಾದ ವಾದ್ಯಗಳಿಗೆ, ಬಿಡಿಭಾಗಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ರೋಸ್‌ವುಡ್‌ಗೆ ಮಾತ್ರ ಇಲ್ಲ, ಅದಕ್ಕೆ ಮೊದಲಿನಿಂದಲೂ ಬೇರೆಯೇ ಕಟ್ಟುಪಾಡು. ನನ್ನದು ಅದಲ್ಲ. ಬ್ರೆಜಿಲ್ ರೋಸ್‌ವುಡ್‌ನಂಥ ಮರದ ವಾದ್ಯ ಇಟ್ಟುಕೊಂಡು ಊರೂರು ತಿರುಗುವವರಿಗೂ ಮೂರು ವರ್ಷದವರೆಗೆ ನಡೆಯುವ ವಾದ್ಯ ಪ್ರಮಾಣಪತ್ರ ಅಂತ ಒಂದು 2013ರಿಂದಲೇ ಇದೆ. ಕಾಡು ಉಳಿಯಬೇಕು ಎನ್ನುವುದರಲ್ಲಿ ನನಗೇನೂ ತಕರಾರಿಲ್ಲ. ಆದರೆ ಲಾರಿಗಟ್ಟಲೆ ದಿಮ್ಮಿ ಸಾಗಿಸುವವರನ್ನು ಬಿಟ್ಟು ಗೇಣುದ್ದದ ಕೋಲು ಹಿಡಿದರೆ ಯಾವ ಕಾಡು ಉಳಿಯುತ್ತದೆ?

ನಾನು ಕೇಳುತ್ತಿರುವುದು ಒಂದೇ ಒಂದು ಸುತ್ತೋಲೆ. ಒಂದು ಪುಟ ಸಾಕು. ಬ್ರೆಜಿಲ್‌ನದು ಬಿಟ್ಟು ತಯಾರಾದ ರೋಸ್‌ವುಡ್ ವಾದ್ಯಕ್ಕೆ ಪರ್ಮಿಟ್ ಕೇಳಬೇಡಿ, ಬ್ಲೇಡ್ ಹಾಕಬೇಡಿ, ಏನನ್ನಾದರೂ ಇಟ್ಟುಕೊಂಡರೆ ರಸೀದಿ ಕೊಡಿ. ಇಷ್ಟೇ. ಇದನ್ನೇ ನಿಮ್ಮ ಕಚೇರಿಗೆ ಎಷ್ಟೋ ಸಲ ಬರೆದೆ. "ನಿಮ್ಮ ದೂರು ಪರಿಶೀಲನೆಯಲ್ಲಿದೆ" ಎಂಬ ಅದೇ ಉತ್ತರ. ಪರಿಶೀಲನೆ ಇನ್ನೂ ಮುಗಿದಿಲ್ಲ ಅಂದರೆ, ಅಲ್ಲೂ ಯಾರೋ ಬ್ಲೇಡಿನಿಂದ ಕೆರೆಯುತ್ತಾ ಕೂತಿರಬೇಕು.

ಸುತ್ತೋಲೆ ಹೊರಡಿಸಿ. ಬರೀ ವೆಬ್‌ಸೈಟಿನಲ್ಲಿ ಹಾಕಿ ಸುಮ್ನೆ ಕೂರಬೇಡಿ, ಪ್ರತಿ ವಿಮಾನ ನಿಲ್ದಾಣದ ಕೌಂಟರಿಗೂ ತಲುಪಿಸಿ. ನನ್ನ ಕ್ಲೇವ್ಸ್ ವಾಪಸ್ ಕೊಡಿಸಿ, ಕೆರೆದಿದ್ದರೂ ಪರವಾಗಿಲ್ಲ. ಮುಂದಿನ ಸ್ಪರ್ಧೆಗೆ ವಿಡಿಯೊ ಕಳಿಸಿ ಆಗಿದೆ. ಆಯ್ಕೆಯಾದರೆ ಅದೇ ಕೌಂಟರಿಗೆ ಮತ್ತೆ ಬರುತ್ತೇನೆ. ಅಷ್ಟರೊಳಗೆ ಆ ಒಂದು ಪುಟ ಅಲ್ಲಿರಲಿ.

ಇಂತಿ,
ಒಬ್ಬ ತಾಳವಾದ್ಯಗಾರ